ಇಪ್ಪತ್ತೊಂದನೆಯ ಗೆರೆ

ಹೊರಗೆ ತೂಝ್, ಜೂನ್ ತಿಂಗಳ ಧೂಳುಗಾಳಿ.
ಸಾಲ್ಮಿಯಾದ ಗಾಜುಗಳಿಗೆಲ್ಲ ಅರಿಶಿನ ಮೆತ್ತಿದ ಹಾಗೆ.
ಎದುರಿನ ಕಟ್ಟಡ ಇಲ್ಲ, ಸಮುದ್ರವಂತೂ ಇಲ್ಲವೇ ಇಲ್ಲ.
ಇಂಥ ದಿನ ಯಾರೂ ಬರಲಿಕ್ಕಿಲ್ಲ ಅಂದುಕೊಂಡೆ.
ಇಬ್ಬರು ಬಂದರು.

ಮೊದಲು ಹೆಸ್ಸಾ. ವಯಸ್ಸು ನಲವತ್ತೊಂಬತ್ತು.
ಮದುವೆಯಾದ ಮೂವರು ಹೆಣ್ಣುಮಕ್ಕಳು, ಒಬ್ಬ ಡ್ರೈವರ್, ಮಂಡಿನೋವು.
ಈ ಪ್ರಾಯದಲ್ಲಿ ಇದೆಂಥ ಮರ್ಲು ಎಂದು
ನಾನು ಫೈಲಿನ ಮರೆಯಲ್ಲಿ ನಕ್ಕದ್ದು ನಿಜ.
ಡಾಕ್ಟರ್ ಇಬ್ತಿಸಾಮ್ ನಗಲಿಲ್ಲ.
ಸಿಗರೇಟು? ಇಲ್ಲ. ಶೀಶಾ? ಬಿಟ್ಟು ಮೂರು ವರ್ಷ.
ತಾಯಿಗೆ, ಅಕ್ಕತಂಗಿಯರಿಗೆ ಗಡ್ಡೆ ಗಿಡ್ಡೆ? ಯಾರಿಗೂ ಇಲ್ಲ.
ಹದಿನೈದು ವರ್ಷದಲ್ಲಿ ಮತ್ತೆ ಕೊಯ್ದು ಬದಲಿಸಬೇಕಾದೀತು, ಗೊತ್ತೇ?
"ಬದುಕಿದ್ದರೆ ಬರುತ್ತೇನೆ."
ಇದೆಲ್ಲ ಯಾರಿಗಾಗಿ?
ಅಬಾಯಾದ ತೋಳು ಕೊಡವಿದಳು, ಧೂಳು ಉದುರಿತು.
"ಕನ್ನಡಿ ನನ್ನದು. ಬಾಡಿಗೆಯದ್ದಲ್ಲ."
ಪೆನ್ನು ಗೀಟು ಹಾಕಿತು: ಆಗಬಹುದು.
ನನ್ನ ನಗು ಫೈಲಿನೊಳಗೇ ಸಿಕ್ಕಿಕೊಂಡಿತು.

ಎರಡನೆಯವಳು ಹರಿಣಾಕ್ಷಿ, ಇಪ್ಪತ್ತೊಂಬತ್ತು.
ಬೆಳ್ಮಣ್ಣು, ಬಜಪೆ, ಕಾರ್ಕಳ ಬಿಟ್ಟರೆ
ಈ ಹೆಸರು ಬೇರೆ ಮಣ್ಣಲ್ಲಿ ಏಳುವುದಿಲ್ಲ.
ಮಾಲಿನಲ್ಲಿ ಅತ್ತರು ಮಾರುವ ಕೆಲಸ;
ಮಣಿಕಟ್ಟಿನಿಂದ ಮೊಣಕೈವರೆಗೆ ಏಳೆಂಟು ವಾಸನೆಗಳು ಜಗಳಾಡುತ್ತಿದ್ದವು.
"ಸಿಸ್ಟರ್ ಹಿಲ್ಡಾ, ನೀವು ನಮ್ಮ ಕಡೆಯವರಾ?"

ಡಾಕ್ಟರ ಪ್ರಶ್ನೆಗಳನ್ನು ಕನ್ನಡಕ್ಕೆ ತರಬೇಕು.
ಇಪ್ಪತ್ತೆರಡು ವರ್ಷ ಇಂಗ್ಲಿಷಿನಲ್ಲಿ, ಅರಬ್ಬಿಯಲ್ಲಿ
ಬಾಯಿತುಂಬ ಆಡಿದ ಶಬ್ದ
ನಮ್ಮ ಮಾತಿನಲ್ಲಿ ಗಂಟಲಿಗೆ ಮೀನಿನ ಮುಳ್ಳು.
ಮೊಲೆ ಎನ್ನಲಾರದೆ ಎದೆ ಎಂದೆ.
ಎದೆ ದೊಡ್ಡದಾಗಬೇಕು ಅಂತ ಯಾಕನ್ನಿಸಿತು, ಎಂದು ಕೇಳಿ
ಏನು ಕೇಳಿದೆನೆಂದು ನಾನೇ ಗಲಿಬಿಲಿಯಾದೆ.

ಅವಳಿಗೆ ಗಲಿಬಿಲಿ ಇರಲಿಲ್ಲ.
ಬಲಗಡೆಯದ್ದು ಮೊದಲಿನಿಂದಲೂ ಸಣ್ಣದು.
ಹದಿನಾಲ್ಕರಿಂದ ಈವರೆಗೆ
ಕರವಸ್ತ್ರ ಎಂಟು ಮಡಿಕೆ ಮಾಡಿ ಒಳಗಿಟ್ಟು ನಡೆದದ್ದು.
ಮದುವೆಯ ದಿನವೂ. "ರೇಷ್ಮೆಯದ್ದು ಇಟ್ಟಿದ್ದೆ."
ಗಂಡ? ಮಂಗಾಫಿನಲ್ಲಿ ಕ್ರೇನು ಓಡಿಸುತ್ತಾರೆ, ಬೇಡ ಅನ್ನಲಿಲ್ಲ.
ದುಡ್ಡು? ಚೀಟಿ ಎತ್ತಿದ್ದೇನೆ.
ಮಕ್ಕಳು? ಒಂದು. ಊರಲ್ಲಿ, ಅತ್ತಿಗೆಯ ಹತ್ತಿರ.
ಹಾಲು ಬಿಡಿಸಿ? "ವರ್ಷವಾಯ್ತು."
ಒಂದು ಉತ್ತರವೂ ತಪ್ಪಲಿಲ್ಲ.
ನಾನು ಮನಸ್ಸಿನಲ್ಲೇ ಗೀಟು ಹಾಕಿಬಿಟ್ಟಿದ್ದೆ.

ಇನ್ನು ಅಳತೆ.
ಕತ್ತಿನ ಕುಳಿಯಿಂದ ಕೆಳಕ್ಕೆ ಟೇಪು ಇಳಿಬಿಟ್ಟೆ.
ಎಸಿಯ ತಂಪಿಗೋ ಏನೋ ಒಮ್ಮೆ ಜುಮ್ಮೆಂದಳು.
ಹತ್ತೊಂಬತ್ತು, ಇಪ್ಪತ್ತು,
ಅಷ್ಟರಲ್ಲಿ ಹೊರಗೆ ಕುರ್ಚಿಗಳ ಸಾಲಿನಲ್ಲಿ
ಯಾರದೋ ಕೂಸು ಅತ್ತಿತು. ಹಸಿವಿನ ಅಳು, ಗೊತ್ತಾಗುತ್ತದೆ.

ಇಪ್ಪತ್ತೊಂದನೆಯ ಗೆರೆಯ ಮೇಲೆ ಒಂದು ಹನಿ.
ಇನ್ನೊಂದು.
ಆ ಸಣ್ಣ ಕಡೆಯಿಂದಲೂ.

ಮೂವರೂ ನೋಡಿದೆವು. ಯಾರೂ ಮಾತಾಡಲಿಲ್ಲ.
ಆಮೇಲೆ ಅವಳೇ:
"ಎರಡು ತಿಂಗಳು. ಮಗುವಿಗೆ ಐದು ತುಂಬಿತ್ತು, ನನ್ನ ರಜೆ ಮುಗಿದಿತ್ತು.
ದಿನಾ ಬಚ್ಚಲಲ್ಲಿ ಹಿಂಡಿ ನೀರು ಬಿಡುತ್ತೇನೆ.
ಇಲ್ಲ ಅಂತ ಬರೆದುಕೊಟ್ಟರೆ
ನಿಂತೇ ಹೋದೀತು ಅನ್ನಿಸಿತು ಸಿಸ್ಟರ್."

ಇದನ್ನು ಅರಬ್ಬಿಗೆ ತರಲು ನನಗೆ ಹೊತ್ತು ಹಿಡಿಯಿತು.
ಡಾಕ್ಟರ್ ಕನ್ನಡಕ ತೆಗೆದರು.
ಮೂ ಹಲ್ಲಾ, ಅಂದರು, ತಮ್ಮ ಹಲಬ್ ಪಟ್ಟಣದ ಮಾತಿನಲ್ಲಿ.
ಹಾಲು ಪೂರ್ತಿ ಬತ್ತಲಿ. ಅಲ್ಲಿಂದ ಆರು ತಿಂಗಳು.
ಎರಡೂ ಎಷ್ಟರಲ್ಲಿ ನಿಲ್ಲುತ್ತವೋ ಆಗ ಅಳೆಯೋಣ.

ಫಾರಮಿನಲ್ಲಿ ಇರುವುದು ಎರಡೇ ಚೌಕ.
ಅರ್ಹಳಲ್ಲ ಎಂದರೆ ರೇಷನ್ ಕಾರ್ಡಿನ ಸಾಲು,
ಯೋಗ್ಯಳಲ್ಲ ಎಂದರೆ ಹೆಣ್ಣು ನೋಡಿ ಹೋದವರ ಕಾಗದ.
ನಾನು ಎರಡನ್ನೂ ಹೇಳಲಿಲ್ಲ.
ಈಗ ಬೇಡವಂತೆ, ಅಂದೆ.

ಅವಳು ಬೆನ್ನು ತಿರುಗಿಸಿ ಕರವಸ್ತ್ರ ಮಡಚಿದಳು,
ಎರಡು, ನಾಲ್ಕು, ಎಂಟು.
ಸ್ಪಿರಿಟ್ಟು ಅದ್ದಿದ ಹತ್ತಿ ನನ್ನ ಬೆರಳಲ್ಲಿ ಆರುತ್ತಿತ್ತು,
ಟೇಪು ಒರೆಸಬೇಕಿತ್ತು, ಒರೆಸಲಿಲ್ಲ.
"ಆರು ತಿಂಗಳು ಅಂದರೆ ಯಾವಾಗ ಸಿಸ್ಟರ್?"
ಬೆರಳು ಮಡಚಿ ಎಣಿಸಿದೆ.
ಇವತ್ತೇ ನಿಂತರೆ
ಡಿಸೆಂಬರ್, ಅಂದೆ.