ಮೂಲೆಮಟ್ಟ

ಕೊಯಮತ್ತೂರಿನಿಂದ ಬಂದವು ನಾಲ್ಕು ಕೆಂಪು ಸ್ಪ್ರಿಂಗು,
ಲಾರಿ ಆಫೀಸಿನ ರಸೀದಿ ಸಮೇತ.
ನಲವತ್ತು ಮಿಲಿಮೀಟರ್ ತಗ್ಗಬೇಕು ಅಣ್ಣ, ಅಂದ ಧರಣೇಶ.
ಹಾಸನದ ಎಪಿಎಂಸಿಯಲ್ಲಿ ಆಲೂಗಡ್ಡೆ ಮಂಡಿ ಅವನದು.
ಇಪ್ಪತ್ತು ವರ್ಷ ಹಳೆಯ ಎಸ್ಟೀಮು,
ಬಿತ್ತನೆ ಗೆಡ್ಡೆಯ ಮಣ್ಣು ಇನ್ನೂ ಕಾರ್ಪೆಟ್ಟಿನ ಕೆಳಗೆ.

ಇಳಿಸುವುದೇನು ಮಹಾ!
ಹಳೆಯದನ್ನು ಕ್ಲಾಂಪಿಗೆ ಹಾಕಿ ಹಿಂಡಿದೆವು,
ಒಂದೊಂದು ಸುತ್ತಿಗೂ ಉಸಿರು ಬಿಗಿಹಿಡಿದು.
ಮುದಸ್ಸಿರ್‌ಗೆ ಹೇಳಿದ್ದೆ: ಮುಖ ಆ ಕಡೆ ಇಟ್ಕೊ,
ಇದು ಹಾರಿದ್ರೆ ಮದುವೆಗೆ ಹಲ್ಲು ಕಟ್ಟಿಸ್ಬೇಕಾಗುತ್ತೆ.
ಸಂಜೆ ಹೊತ್ತಿಗೆ ನಾಲ್ಕೂ ಕೂತವು.
ಜಾಕ್ ಇಳಿಯಿತು.
ಕುಕ್ಕರಗಾಲಲ್ಲಿ ಕೂತ ಹಾಗೆ ಕಾರು ನೆಲಕ್ಕೆ ಬಂತು.

ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಟೇಪು ಹಿಡಿದು
ಗೋಡೆಗೆ ಸೀಮೆಸುಣ್ಣದಲ್ಲಿ ಬರೆದೆ:
ಮುಂದೆ ಎಡ ಮುನ್ನೂರ ಮೂವತ್ತೆಂಟು. ಮುಂದೆ ಬಲ ನಲವತ್ತಾರು.
ಹಿಂದೆ ಎಡ ಐವತ್ತೆರಡು. ಹಿಂದೆ ಬಲ ಮೂವತ್ತೊಂಬತ್ತು.
ಕುಂಟು ಮಂಚದ ಹಾಗೆ, ಮೂಲೆಗೆ ಮೂಲೆ ಎದ್ದಿತ್ತು.

ಸ್ಪ್ರಿಂಗೇ ಡೂಪ್ಲಿಕೇಟು, ಅಂದ ಮುದಸ್ಸಿರ್.
ಮತ್ತೆ ಬಿಚ್ಚಿದೆವು.
ಸುರುಳಿಯ ಬಾಲ ತನ್ನ ಮೆಟ್ಟಿಲಿಗೆ ಕೂತಿದೆಯೇ,
ರಬ್ಬರು ಮಡಚಿದೆಯೇ, ಬೆರಳಾಡಿಸಿ ನೋಡಿದೆವು.
ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.
ಅಂಕಿ ಕದಲಲಿಲ್ಲ.
ಧರಣೇಶ ಸ್ಟೂಲಿನ ಮೇಲೆ ಕಡಲೆಕಾಯಿ ಸುಲಿಯುತ್ತ
ಮಂಡೀಲಿ ತಕ್ಕಡಿ ಹೀಗೆ ನಿಂತ್ರೆ ರೈತ್ರು ಬಿಡ್ತಾರಾ, ಅಂದ.

ಪಕ್ಕದ ಸೈಟಿನಿಂದ ಗಾರೆ ದ್ಯಾವಯ್ಯ ಬಂದ,
ಬೀಡಿಗೆ ಬೆಂಕಿ ಕೇಳಿಕೊಂಡು.
ಕಾರು ನೋಡಲಿಲ್ಲ. ನೆಲ ನೋಡಿದ.
ನೀರು ತುಂಬಿದ ಪೈಪು ತಂದು
ಈ ಚಕ್ರಕ್ಕೊಂದು ತುದಿ, ಆ ಚಕ್ರಕ್ಕೊಂದು ತುದಿ ಹಿಡಿದು,
ಮೋರಿ ಮೂಲೆ ಒಂದು ಬೆರಳು ಇಳಿದದೆ ಕಣ್ರೀ,
ನಾನೇ ಇಳಿಸಿದ್ದು.
ನಿಮ್ಮಪ್ಪ ನಿಂತು ಹೇಳಿ ಇಳಿಸಿದ್ದು.

ಒಳಗಿಂದ ಅಪ್ಪ:
ತೊಳೆದ ನೀರು ಮತ್ತೆಲ್ಲಿಗೆ ಹೋಗ್ಬೇಕಿತ್ತು?

ಇಪ್ಪತ್ತೇಳು ವರ್ಷ ಈ ನೆಲದ ಮೇಲೆ ನಿಂತು
ಊರವರ ಗಾಡಿಗಳಿಗೆ ಸೊಟ್ಟ ಅಂದಿದ್ದೇನೆ.
ಸಾಲಗಾಮೆ ರಸ್ತೆಯ ಡ್ರಾಯಿಂಗ್ ಮೇಷ್ಟರ ಫಿಯಟ್ಟಿಗೆ
ಇದೇ ಮೂಲೆಯಲ್ಲಿ ನಿಲ್ಲಿಸಿ, ಇದೇ ಟೇಪು ಹಿಡಿದು,
ಬೇಡದ ಸ್ಪ್ರಿಂಗೊಂದು ಹಾಕಿಸಿದೆ.
ಮೇಷ್ಟರು ಒಂದು ಕಣ್ಣು ಮುಚ್ಚಿ, ಬಗ್ಗಿ, ಗಾಡಿ ನೋಡಿದರು.
ಏನೂ ಅನ್ನದೆ ದುಡ್ಡು ಎಣಿಸಿದರು.
ಆ ಫಿಯಟ್ಟು ಈಗ ಯಾರ ಹತ್ತಿರ ಇದೆಯೋ.

ನಾಲ್ಕೂ ಚಕ್ರಕ್ಕೆ ದಿಮ್ಮಿ ಕೊಟ್ಟೆವು,
ಹಿಂದಿನ ಎಡಕ್ಕೆ ಮಾತ್ರ ಒಡೆದ ಟೈಲ್ಸು ಎರಡು ಹೆಚ್ಚಿಗೆ.
ಡ್ರೈವರ್ ಸೀಟಿಗೆ ಧರಣೇಶನ ತೂಕದ ಆಲೂಗಡ್ಡೆ,
ಒಂದೂವರೆ ಮೂಟೆ; ಬೀಳದಿರಲೆಂದು ಬೆಲ್ಟು.
ಚಕ್ರ ನೇತಾಡುವಾಗ ಬಿಗಿದಿದ್ದ ಬುಷ್ಷಿನ ಬೋಲ್ಟುಗಳನ್ನು
ಸಡಿಲಿಸಿ, ಕಾರನ್ನು ನಾಲ್ಕು ಸಲ ಅದುಮಿ,
ಭಾರ ಹೊತ್ತು ನಿಂತಾಗಲೇ ತಿರುಗಿ ಬಿಗಿದೆ,
ಅಂಗಾತ ಮಲಗಿ, ಮೂಗಿಗೂ ಸೈಲೆನ್ಸರಿಗೂ ನಾಲ್ಕು ಬೆರಳು.

ಮತ್ತೆ ಟೇಪು.
ಮುಂದೆ ನಲವತ್ತೆರಡು, ನಲವತ್ತೆರಡು.
ಹಿಂದೆ ನಲವತ್ತೈದು, ನಲವತ್ತಮೂರು.
ಆ ಎರಡು ಮಿಲಿಮೀಟರ್ ಎಲ್ಲಿಂದ ಬಂತೆಂದು
ರಾತ್ರಿ ಎಂಟರ ತನಕ ಹುಡುಕಿದೆ.
ಬಿಡ್ಲಾ, ಅಂದ ಅಪ್ಪ.
ಮಟ್ಟ ಹಾಕೋದು ಯಾರ ಕೈಲೂ ಆಯ್ತದೆ,
ಮಟ್ಟಕ್ಕೆ ತರೋದು ರಸ್ತೆ ಕೆಲಸ.
ಬೇಲೂರಿಗೆ ನಾಲ್ಕು ಸಲ ಹೋಗಿ ಬರ್ಲಿ.

ಅರ್ಧ ಮೂಟೆ ನಮಗೆ ಸಾರಿಗೆ ಬಿಟ್ಟು,
ಉಳಿದದ್ದನ್ನು ಪಕ್ಕದ ಸೀಟಿಗೆ ಎಳೆದು, ಅದಕ್ಕೂ ಬೆಲ್ಟು ಹಾಕಿ
ಧರಣೇಶ ಹೊರಟ.
ರಸ್ತೆಯ ಮೊದಲ ಹಂಪಿಗೆ ಹೊಟ್ಟೆ ಉಜ್ಜಿದ್ದು
ಇಲ್ಲಿಗೇ ಕೇಳಿಸಿತು. ಯಾರೂ ನಗಲಿಲ್ಲ.

ಮುದಸ್ಸಿರ್ ನೆಲಕ್ಕೆ ನೀರು ಹೊಯ್ದ.
ಗ್ರೀಸು, ಕಡಲೆಸಿಪ್ಪೆ, ಸೀಮೆಸುಣ್ಣದ ಪುಡಿ
ಎಳೆದುಕೊಂಡು, ಯಾರನ್ನೂ ಕೇಳದೆ
ಆ ಮೂಲೆಗೇ ಹೋಯಿತು.