ಹಲ್ಲು ತೆಗೆದಿಟ್ಟು

ದಾರೇಜಾನ್ ಈ ಮನೆಗೆ ಬಂದು ಏಳು ತಿಂಗಳು.
ಮದುವೆಯುಂಗುರ ಬೆರಳಲ್ಲಿ ನಿಲ್ಲದೆ
ಅದಕ್ಕೆ ದಾರ ಸುತ್ತಿಕೊಂಡಿದ್ದಾಳೆ.
ಅಲಾಜಾನಿ ಕಣಿವೆಯಲ್ಲಿ
ನನ್ನ ಕೈಯ ಲೋಬಿಯೋ ಉಂಡು ಬಡಕಲಾದವಳು
ಇವಳೊಬ್ಬಳೇ ಅಂತ
ಬೇಲಿಯಾಚೆ ನಾಜಿಬ್ರೋಲಾ
ಬೇಕೆಂದೇ ಜೋರಾಗಿ ಹೇಳುತ್ತಾಳೆ.

ಮೊದಲು ಉಪ್ಪು ಹೆಚ್ಚಾಯಿತೇನೋ ಅಂದುಕೊಂಡೆ.
ಆಮೇಲೆ ಬಸಿರಿರಬೇಕು ಅಂದುಕೊಂಡು
ಯಾರಿಗೂ ಹೇಳದೆ ಎರಡು ಜೊತೆ ಪುಟ್ಟ ಕಾಲುಚೀಲ ಹೆಣೆದೆ.
ಆಮೇಲೆ ದೃಷ್ಟಿ.
ಆಮೇಲೆ, ದೇವರು ಕ್ಷಮಿಸಲಿ, ಸೊಕ್ಕು.

ನಮ್ಮ ಮೇಜಿಗೆ ಹನ್ನೊಂದು ಜನ ಕೂತರೆ
ಇಪ್ಪತ್ತು ಜನರ ಮಾತು.
ನನ್ನ ಗಂಡ ವಲೇರಿಯಾನ್ ಎದ್ದು ಕೊಂಬು ತುಂಬಿಸಿ
ಸತ್ತವರಿಗೊಂದು, ಹುಟ್ಟಬೇಕಾದವರಿಗೊಂದು,
ಕೊನೆಗೆ ನೆರೆಮನೆಯ ಹಸುವಿಗೂ ಒಂದು ಹಾರೈಕೆ ಹೇಳಿ ಕುಡಿಯುತ್ತಾನೆ,
ಕುಡಿದು, ಚೌಕ ಬಿಡಿಸಿ, ಮೂಗನ್ನು ಕಹಳೆಯಂತೆ ಊದುತ್ತಾನೆ.
ಮೈದುನ ಖಿಂಕಾಲಿಯ ಜುಟ್ಟು ಹಿಡಿದು
ಒಳಗಿನ ಸಾರನ್ನು ಸೊರ್ರೆಂದು ಹೀರುತ್ತಾನೆ.
ಫೋರ್ಕು ತಟ್ಟೆಗೆ, ತಟ್ಟೆ ತಟ್ಟೆಗೆ, ಗಾಜು ಗಾಜಿಗೆ.
ಇದನ್ನೇ ಅಲ್ಲವೆ
ಮನೆ ತುಂಬಿದೆ ಅನ್ನುವುದು?

ಅವಳು ಮಾತ್ರ ಒಂದೇ ತುತ್ತನ್ನು ಬಾಯಲ್ಲಿಟ್ಟು
ಬಾಗಿಲು ಬಡಿಯುತ್ತಿರುವ ಸಾಲಗಾರ ಹೊರಟುಹೋಗಲಿ ಅಂತ
ಉಸಿರು ಹಿಡಿದು ಕೂತವಳ ಹಾಗೆ
ಕಾಯುತ್ತಾಳೆ.

ಅಕ್ಟೋಬರಿನ ಒಂದು ರಾತ್ರಿ
ಹೊಸ ರಸ ಇನ್ನೂ ಗುಳುಗುಳು ಅನ್ನುತ್ತಿದೆಯೋ ನೋಡೋಣವೆಂದು
ಮರಾನಿಗೆ ಇಳಿದೆ.
ಕುತ್ತಿಗೆವರೆಗೂ ಮಣ್ಣಲ್ಲಿ ಹೂತ ಹರವಿಗಳ ನಡುವೆ
ಕುಕ್ಕರಗಾಲಲ್ಲಿ ಕೂತಿದ್ದಾಳೆ ನನ್ನ ಸೊಸೆ.
ತಣ್ಣಗಿನ ಲೋಬಿಯೋ, ಮಡಕೆಯಿಂದ ನೇರ ಬೆರಳಿಗೆ.
ರೊಟ್ಟಿಯನ್ನು ಶಾಲಿನೊಳಗಿಟ್ಟು ಮುರಿಯುತ್ತಾಳೆ,
ಚರಕ್ ಎನ್ನದಿರಲಿ ಅಂತ.
ಎಂಥ ಹಸಿವು! ಎಷ್ಟು ಮೆತ್ತಗೆ!

ಬೆರಗಿಗೆ ನನ್ನ ಬಾಯಿ ತೆರೆದು ಮುಚ್ಚಿತು.
ಟಕ್.
ತೆಲಾವಿಯ ಡಾಕ್ಟರು ಕಟ್ಟಿಕೊಟ್ಟ ಹಲ್ಲು,
ಸ್ವಲ್ಪ ಸಡಿಲ.
ಅವಳ ಹೆಗಲುಗಳು ಕಿವಿಯವರೆಗೂ ಏರಿದವು.
ತಿರುಗದೆಯೇ ಅಂದಳು, ‘ಅತ್ತೆ.’

‘ಊಟ ಚೆನ್ನಾಗಿದೆ, ಅತ್ತೆ.
ಕೇಳಿಸುತ್ತೆ, ಅಷ್ಟೇ.
ಕೇಳಿಸಿದರೆ ಗಂಟಲು ಮುಚ್ಚಿಕೊಳ್ಳುತ್ತೆ.
ಚಿಕ್ಕಂದಿನಿಂದ ಹೀಗೇ.’

ಹಸಿವು ರುಚಿ ಅರಿಯದು ಅನ್ನುತ್ತಾರೆ.
ಸದ್ದು ಅರಿಯದು ಅಂತ ಯಾರೂ ಹೇಳಿಲ್ಲ.

‘ಎಲ್ಲಕ್ಕಿಂತ ಕೆಟ್ಟ ಸದ್ದು ಯಾವುದೇ?’ ಅಂತ ಕೇಳಿದೆ.
ಒಳ್ಳೆಯ ಮನೆತನದ ಹುಡುಗಿ,
ನೆಲ ನೋಡಿದಳು.

ಮೂರು ದಿನ ಕೋಪದಲ್ಲಿದ್ದೆ.
ನಲವತ್ತು ವರ್ಷ ಈ ಮನೆಗೆ ಬಡಿಸಿ,
ಕೊನೆಯಲ್ಲಿ ಉಳಿದದ್ದು ತಿಂದ ಬಾಯಿ ಇದು.
ಬೇಕಾದರೆ ಅವಳೇ ಕಿವಿಗೆ ಹತ್ತಿ ಇಟ್ಟುಕೊಳ್ಳಲಿ.
(ಇಟ್ಟುಕೊಂಡು ನೋಡಿದ್ದಾಳಂತೆ.
ಆಗ ತನ್ನ ದವಡೆಯೇ ಬೀಸುವ ಕಲ್ಲು.)

ನಾಲ್ಕನೆಯ ದಿನ ಗಂಡಸರನ್ನು ತೋಟಕ್ಕೆ ಅಟ್ಟಿದೆ.
ಮೇಜಿಗೆ ಕಂಬಳಿ ಹಾಸಿ, ಎರಡು ಮರದ ಚಮಚ ಇಟ್ಟು,
ಹಲ್ಲು ತೆಗೆದು ಬಟ್ಟಲಿಗೆ ಹಾಕಿ
ಬಟ್ಟಲನ್ನು ಬೀರುವಿನಲ್ಲಿಟ್ಟು ಬಾಗಿಲು ಹಾಕಿದೆ.
ಮದುವೆಯಾದಾಗಿನಿಂದ ವಲೇರಿಯಾನ್ ಕೂಡ
ನನ್ನನ್ನು ಬೋಳುಬಾಯಲ್ಲಿ ಕಂಡಿಲ್ಲ.
ರೊಟ್ಟಿಯನ್ನು ಸಾರಲ್ಲಿ ನೆನೆಸಿ, ಮಗುವಿನ ಹಾಗೆ ಚೀಪುತ್ತ,
ಎಣಿಸಬಾರದು ಅಂದುಕೊಂಡೇ ಎಣಿಸಿದೆ:
ಒಂಬತ್ತು ತುತ್ತು.

ಹತ್ತನೆಯದಕ್ಕೆ ನಾಜಿಬ್ರೋಲಾಳ ಹುಂಜ ಕೂಗಿತು.
ಕಿಟಕಿ ಮುಚ್ಚಲು ಎದ್ದೆ.
ಕಿಟಕಿ ಹುಂಜಕ್ಕಿಂತ ಜೋರಾಗಿ ಕಿರುಚಿತು.
ಅವಳು ನನ್ನನ್ನು ನೋಡಿದಳು. ನಾನು ಅವಳನ್ನು.
ಮೊದಲು ನಕ್ಕವಳು ಅವಳು,
ನಾನು ಸೆರಗಿನ ಬದಲು ತಟ್ಟೆ ಅಡ್ಡ ಹಿಡಿದು ನಕ್ಕೆ.

ಆಮೇಲೆ ಅವಳು ತಿನ್ನಲಿಲ್ಲ.
ಉಂಗುರದ ದಾರ ಹಾಗೇ ಇದೆ.
ಉಳಿದದ್ದನ್ನು ಮುಚ್ಚಿ ಮರಾನಿಯಲ್ಲಿಟ್ಟು ಬಂದೆ,
ಅದರ ಬಾಗಿಲ ತಿರುಗಣಿಗೆ ಎಣ್ಣೆ ಬಿಟ್ಟೆ.
ನಾಳೆ ಕಿಟಕಿಗೆ ಬಿಡುತ್ತೇನೆ.
ವಲೇರಿಯಾನನ ಮೂಗಿಗೆ ಏನು ಬಿಡುವುದೋ
ಇನ್ನೂ ಹೊಳೆದಿಲ್ಲ.