ಇಪ್ಪತ್ನಾಲ್ಕು ಬಿಟ್ಟು

ಯತಿರಾಜ ಶನಿವಾರ ಮಧ್ಯಾಹ್ನವೇ ಬಂದ,
ಎಸ್.ಪಿ. ರೋಡಿನಲ್ಲಿ ಕೊಂಡ ಎರಡು ಸ್ಪೀಕರನ್ನು
ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು;
ಜೊತೆಗೊಂದು ಡಬ್ಬಿ, ಬೆಂಕಿಪೊಟ್ಟಣಕ್ಕಿಂತ ಒಂದು ಬೆರಳು ದೊಡ್ಡದು.
"ಅತ್ತೆ, ತಾತನ ರೆಕಾರ್ಡು ಹೊಸದಾಗಿ ಬಿಟ್ಟಿದ್ದಾರೆ.
ಮೂಲ ಟೇಪಿನಿಂದಲೇ ತೆಗೆದದ್ದು.
ಇಪ್ಪತ್ನಾಲ್ಕು ಬಿಟ್ಟು, ನೂರತೊಂಬತ್ತೆರಡು ಕಿಲೋಹರ್ಟ್ಸು."

"ಇಪ್ಪತ್ನಾಲ್ಕು ಬಿಟ್ಟರೆ ಉಳಿದದ್ದೆಷ್ಟೋ?" ಅಂದೆ.
ನಗಲಿಲ್ಲ. ಹಲ್ಲಿನಲ್ಲಿ ವೈರು ಸುಲಿಯುತ್ತಿದ್ದ.

ತಾತನ ರೆಕಾರ್ಡು ಅನ್ನುವುದು ನಮ್ಮ ಮನೆಯೊಳಗಿನ ಮಾತು.
ಹೊದಿಕೆಯ ಮೇಲೆ ಹಾಡಿದವರ ಮುಖ, ಜರಿಯಂಚಿನ ಶಾಲು,
ಕೆಳಗೆ ಸಣ್ಣಕ್ಷರದಲ್ಲಿ: ಮತ್ತು ವಾದ್ಯವೃಂದ.
ಆ "ಮತ್ತು"ವಿನ ಒಳಗೆ ಎಲ್ಲೋ ನಮ್ಮಪ್ಪ,
ಕಾಟನ್‌ಪೇಟೆ ಬ್ಯಾಂಡ್‌ಸೆಟ್ಟಿನ ಕ್ಲಾರಿಯೊನೆಟ್ ಮುನಿಶಾಮಪ್ಪ.
ಮದುವೆಗಳಿಲ್ಲದ ಆಷಾಢದಲ್ಲಿ ಕರೆದಿದ್ದರು:
ಎಪ್ಪತ್ತೈದು ರೂಪಾಯಿ, ಒಂದು ಊಟ, ಒಂದು ಪ್ಲೇಟು.

ಮೊದಲು ನನ್ನದನ್ನು ಹಾಕಿದೆ.
ಹಳೇ ಬನಿಯನ್ ತುಂಡಿನಿಂದ ಒರೆಸಿ,
ಮುಳ್ಳಿನ ತುದಿಗೆ ಉಫ್ ಎಂದು ಊದಿ.
ಚಟಪಟ. ಎಣ್ಣೆಗೆ ಸಾಸಿವೆ ಬಿದ್ದ ಹಾಗೆ.
ಆಮೇಲೆ ಹಾಡು, ಸ್ವಲ್ಪ ಬೆಚ್ಚಗೆ, ಸ್ವಲ್ಪ ಮಂಕಾಗಿ,
ಕಂಬಳಿಯೊಳಗಿಂದ ಯಾರೋ ಮಾತಾಡಿದಂತೆ.
ಮಾಗಡಿ ರೋಡಿನ ಮೇಲೆ ಮೆಟ್ರೊ ಹೋದಾಗ ಅದಕ್ಕೂ ಒಂದು ನಡುಕ.
ಎರಡನೇ ಚರಣಕ್ಕೆ ಮೊದಲು ಹದಿನಾರು ಮಾತ್ರೆ, ಅಪ್ಪನದು.
ಅಲ್ಲೇ ಗೀರು.
ಮುಳ್ಳು ಎಡವಿ ಮುಂದಕ್ಕೆ ಹಾರುತ್ತದೆ,
ಹದಿನಾರರಲ್ಲಿ ಕೈಗೆ ಸಿಕ್ಕುವುದು ಹನ್ನೆರಡು.
ನನ್ನ ಮದುವೆಯ ವರ್ಷ ಬೀಳಿಸಿದ್ದು ಇವನಪ್ಪ, ನನ್ನ ತಮ್ಮ.
ಹೊಡೆಯಲಿಲ್ಲ ಅಪ್ಪ. "ಕೂಲಿ ಮುರಕೊಂಡ್ರು ಬಿಡು" ಅಂದರು.

ಆಮೇಲೆ ಯತಿರಾಜನದು.
ಮೌನವನ್ನು ಎಷ್ಟು ತೊಳೆದಿದ್ದರೆಂದರೆ
ಪಕ್ಕದ ಮನೆಯ ಮಿಕ್ಸಿ ಬಂದು ಅದರೊಳಗೆ ಕೂತಿತು.
ಯಾರದೋ ಬಳೆ ತಂಬೂರಿಗೆ ತಾಗಿದ್ದು,
ಯಾರೋ ಹಾಳೆ ಮಗುಚಿದ್ದು,
ಎರಡನೇ ಚರಣಕ್ಕೆ ಮೊದಲು

ಒಂದು ಉಸಿರು.

ಮೂಗಿನಿಂದ ಎಳೆದದ್ದು, ತುದಿಯಲ್ಲಿ ಸಣ್ಣ ಸೀಟಿ.
ನಶ್ಯ ಹಾಕುವವರ ಉಸಿರು.
ಮೆಟ್ಟಿಲ ತಿರುವಿನಲ್ಲಿ, ಚಪ್ಪಲಿಯ ಸದ್ದಿಗಿಂತ ಮೊದಲು
ನಾನು ಪುಸ್ತಕ ಮುಚ್ಚಿಡುವಂತೆ ಮಾಡುತ್ತಿದ್ದ ಉಸಿರು.
ನಲವತ್ತೇಳು ವರ್ಷ ಈ ಪ್ಲೇಟನ್ನು ಒರೆಸಿದ್ದೇನೆ,
ಒಂದು ದಿನ ಬಾಯಿ ಬಿಟ್ಟಿರಲಿಲ್ಲ ಇದು.

ಹದಿನಾರೂ ಮಾತ್ರೆ ಬಂದವು, ಒಂದೂ ಕಡಿಮೆಯಿಲ್ಲದೆ.
ನನ್ನ ಕಾಲು ಮಾತ್ರ ಹನ್ನೆರಡಕ್ಕೇ ಚರಣಕ್ಕೆ ಹೋಗಿ
ಒಂಟಿಯಾಗಿ ನಿಂತಿತ್ತು.

"ಇನ್ನೊಂದು ಸಲ ಹಾಕು" ಅನ್ನುವಷ್ಟರಲ್ಲಿ ಕರೆಂಟು ಹೋಯಿತು.
ಯುಪಿಎಸ್ಸಿಗೆ ನೀರು ಹಾಕಿ ವರ್ಷವಾಗಿದೆ.
ಅವನ ಫೋನಿನಲ್ಲಿ ಮೂರು ಪರ್ಸೆಂಟು.
ಡಬ್ಬಿಯ ನೀಲಿ ಕಣ್ಣು ಮುಚ್ಚಿತು.

ನಾನು ತೋರುಬೆರಳಿನಿಂದ ಪ್ಲೇಟು ತಿರುಗಿಸಿದೆ,
ಅಂದಾಜಿನ ಮೇಲೆ, ರಾಗಿ ಬೀಸುವ ವೇಗದಲ್ಲಿ.
"ಕಿವಿ ತಾ" ಅಂದೆ. ಮಂಡಿಯೂರಿದ.
ಮುಳ್ಳಿನ ಬುಡದಲ್ಲಿ, ಸೊಳ್ಳೆಯಷ್ಟು ದೊಡ್ಡ ದನಿಯಲ್ಲಿ,
ಅದೇ ಹಾಡು, ಅದೇ ಅಪ್ಪ,
ನನ್ನ ಬೆರಳು ದಣಿದಂತೆ ತಗ್ಗುತ್ತ, ಎಚ್ಚೆತ್ತಂತೆ ಏರುತ್ತ,
ಮೂರನೇ ಮೆರವಣಿಗೆಯ ಕೊನೆಯಲ್ಲಿ ಹೀಗೇ ನುಡಿಸುತ್ತಿದ್ದರು,
ತುಟಿ ಊದಿಕೊಂಡು.
ಉಸಿರು ಕೇಳಲಿಲ್ಲ. ಹುಡುಕಿದೆವು.

ಏಳೂವರೆಗೆ ದೀಪ ಬಂತು.
ಫೋನಿನಲ್ಲಿ ಕಲಾವಿದರ ಜಾಗದಲ್ಲಿ ಹಾಡಿದವರ ಹೆಸರು,
ಒಂದು ಅಲ್ಪವಿರಾಮ, "ಇತರರು".
"ಇದನ್ನ ತಿದ್ದಬಹುದು ಅತ್ತೆ, ನಮ್ಮ ಮಟ್ಟಿಗೆ."

ಪ್ಲೇಟಿನ ನಡುವಿನ ಕೆಂಪು ಚೀಟಿಯ ಮೇಲೆ
ಅಪ್ಪ ಪೆನ್ಸಿಲಿನಲ್ಲಿ ಬರೆದುಕೊಂಡದ್ದನ್ನು
ಬೆಳಕಿಗೆ ಓರೆಯಾಗಿ ಹಿಡಿದು ಅಕ್ಷರ ಕೂಡಿಸಿದ:
ಮುನಿಶಮಪ್ಪ, ಕ್ಲಾರಿಯನೆಟು.
"ಶಾಕ್ಕೆ ದೀರ್ಘ ಬಿಟ್ಟಿದ್ದಾರೆ. ಹಾಕಲಾ?"

ಬಿಟ್ಟು ಬರಿ, ಅಂದೆ. ಅವರು ಬಿಟ್ಟ ಹಾಗೆ.